ಕೀಲಿಕೈ ನಿಮ್ಮದು, ನಿಮ್ಮಲ್ಲೇ ಇರಲಿ



ಮನೆಗೆ, ಕಣಜಕ್ಕೆ, ಪಂಪ್‌ಸೆಟ್ಟಿನ ಕೋಣೆಗೆ ಒಂದೇ ಕೀಲಿಕೈ ಸಾಕೆಂದರೆ ನೀವು ಯಾರೂ ಒಪ್ಪುವುದಿಲ್ಲ. ಅದನ್ನು ಪೇಟೆಯ ಅಂಗಡಿಯ ಮೊಳೆಗೆ ತೂಗುಹಾಕಿ ಬರುವ ಮಾತಂತೂ ದೂರವೇ ಉಳಿಯಿತು. ಆದರೆ ಪಾಸ್‌ವರ್ಡಿನ ವಿಷಯದಲ್ಲಿ ನಮ್ಮಲ್ಲಿ ಅನೇಕರು ಮಾಡುತ್ತಿರುವುದು ಇದನ್ನೇ.

ಬೆಳೆ ವಿಮೆಯ ಅರ್ಜಿ ತುಂಬಿಸಲು ಹೋಬಳಿಯ ಕಂಪ್ಯೂಟರ್ ಅಂಗಡಿಯೊಂದಕ್ಕೆ ಹೋಗಿದ್ದೆ. ಸರದಿಯಲ್ಲಿದ್ದ ಹಿರಿಯರೊಬ್ಬರು ತಮ್ಮ ಇ-ಮೇಲಿನ ಪಾಸ್‌ವರ್ಡನ್ನು ಎಲ್ಲರಿಗೂ ಕೇಳುವಂತೆ ಹೇಳಿದರು. ಅದು ಅವರ ಮೊಬೈಲ್ ನಂಬರೇ ಆಗಿತ್ತು! ಅಂಗಡಿಯ ಹುಡುಗ ಅದನ್ನು ಇತರರ ಪಾಸ್‌ವರ್ಡುಗಳ ಕೆಳಗೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಹುಡುಗ ಒಳ್ಳೆಯವನೇ ಇರಬಹುದು. ಆದರೆ ಆ ನೋಟ್‌ಬುಕ್ ನಾಳೆ ಯಾರ ಕೈಗೆ ಸಿಕ್ಕೀತು?

ಇ-ಮೇಲಿನಲ್ಲಿ ಕದಿಯಲು ಏನಿದೆ ಎನ್ನಬೇಡಿ. ಬೇರೆ ತಾಣಗಳ ಪಾಸ್‌ವರ್ಡ್ ಮರೆತಾಗ ಹೊಸದನ್ನು ಮಾಡಿಕೊಳ್ಳುವ ಸೂಚನೆ ಬಹುಮಟ್ಟಿಗೆ ಅಲ್ಲಿಗೇ ಬರುತ್ತದೆ. ಅದೇ ತಾಯಿಬೇರು. ಅಲ್ಲದೆ ಒಂದು ತಾಣದಿಂದ ಸೋರಿದ ಪಾಸ್‌ವರ್ಡನ್ನು ಕಳ್ಳರು ಮಿಕ್ಕ ತಾಣಗಳಲ್ಲೂ ಹಾಕಿ ನೋಡುತ್ತಾರೆ. ಆದ್ದರಿಂದ ಒಂದೊಂದಕ್ಕೂ ಬೇರೆ ಬೇರೆ ಪಾಸ್‌ವರ್ಡ್ ಇರತಕ್ಕದ್ದು.

"ಅಷ್ಟೊಂದು ನೆನಪಿಡುವುದು ಹೇಗೆ ಸ್ವಾಮಿ?" ಎಂದು ನೀವು ಕೇಳಬಹುದು. ಉಪಾಯ ಸುಲಭ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಮಾತು ಆರಿಸಿ: ಕುಂಟೆ, ಹುಣಸೆ, ಅಳಿಯ, ಸೋರೆ. ಕುಂಟೆಯನ್ನು ಹುಣಸೆಮರಕ್ಕೆ ಒರಗಿಸಿ ಅಳಿಯ ಸೋರೆಕಾಯಿ ಹೊತ್ತು ನಿಂತಿದ್ದಾನೆಂದು ಕಣ್ಣಮುಂದೆ ತಂದುಕೊಳ್ಳಿ, ಬೇಗ ಮರೆಯುವುದಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ಕೂಡಿಸಿ ಬರೆದರೆ ಸುಮಾರು 20 ಅಕ್ಷರವಾಗುತ್ತದೆ. ಇಲ್ಲಿ ಅಚ್ಚಾದದ್ದನ್ನೇ ಇಟ್ಟುಕೊಳ್ಳಬೇಡಿ; ನಿಮ್ಮದನ್ನು ನೀವೇ ಕಟ್ಟಿ. ಎಲ್ಲರಿಗೂ ಗೊತ್ತಿರುವ ಗಾದೆ ಬೇಡ, ಮಕ್ಕಳ ಹೆಸರು ಬೇಡ. ಅಂಕಿ ಸೇರಿಸಬೇಕಾದಲ್ಲಿ ಸರ್ವೆ ನಂಬರ್ ಹಾಕಬೇಡಿ. ಅದು ಪಹಣಿಯಲ್ಲಿಯೇ ಇದೆ, ಪಹಣಿಯನ್ನು ಭೂಮಿ ತಾಣದಲ್ಲಿ ಯಾರು ಬೇಕಾದರೂ ನೋಡಬಹುದು.

ಉದ್ದವೇ ಬಲ. ನಾಲ್ಕು ಅಂಕಿಗಳನ್ನು 10,000 ಬಗೆಯಲ್ಲಿ ಮಾತ್ರ ಜೋಡಿಸಬಹುದು. ಎಂಟು ಇಂಗ್ಲಿಷ್ ಅಕ್ಷರಗಳನ್ನು 20,000 ಕೋಟಿಗೂ ಹೆಚ್ಚು ಬಗೆಯಲ್ಲಿ ಜೋಡಿಸಬಹುದು. ಹನ್ನೆರಡಾದರೆ ಅದರ ನಾಲ್ಕೂವರೆ ಲಕ್ಷ ಪಟ್ಟು!

ನೆನಪು ಸಾಲದವರು ಬರೆದು ಮನೆಯ ಪೆಟ್ಟಿಗೆಯಲ್ಲಿ ಬೀಗ ಹಾಕಿಡಲಿ. ಎಲ್ಲ ಕಡೆಗೂ ಒಂದೇ ಇಡುವುದಕ್ಕಿಂತ ಅದು ಮೇಲು. ಆದರೆ ಪಾಸ್‌ಬುಕ್ಕಿನ ಮೇಲೆ, ಎ.ಟಿ.ಎಂ. ಕಾರ್ಡಿನ ಹಿಂದೆ ಬರೆಯಕೂಡದು.

ಫೋನಿನಲ್ಲಿ ಹಣ ಕಳಿಸುವ ಪಿನ್ನಿನ ಬಗ್ಗೆ ಒಂದು ಎಚ್ಚರಿಕೆ. ಹಣ ಪಡೆಯಲು ಪಿನ್ ಬೇಕಾಗಿಲ್ಲ. "ಕಿಸಾನ್ ಸಮ್ಮಾನ್ ಕಂತು ಬಂದಿದೆ, ಪಿನ್ ಒತ್ತಿ" ಎನ್ನುವವನು ಕಳ್ಳನೆಂದೇ ತಿಳಿಯಿರಿ. ಗುಟ್ಟನ್ನು ನಾವೇ ಹೇಳಿ ಹಣ ಕಳೆದುಕೊಂಡರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಮ್ಮದೇ ಎಂದು ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಹೇಳಿದೆ. ಮೋಸವಾದರೆ ನಾಚಿಕೊಂಡು ಕೂರದೆ ಕೂಡಲೇ ಬ್ಯಾಂಕಿಗೆ ತಿಳಿಸಿ, 1930ಕ್ಕೆ ಫೋನ್ ಮಾಡಿ.

ಅಂಗಡಿಯ ಹುಡುಗನನ್ನು ದೂರಿ ಫಲವಿಲ್ಲ. ನಮಗೆ ಯಾರೂ ಕಲಿಸಲಿಲ್ಲ, ನಾವೂ ಕೇಳಲಿಲ್ಲ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಲ್ಲಿ ತಿಂಗಳಿಗೊಂದು ಸಂಜೆ ಇದನ್ನು ಹೇಳಿಕೊಡಬೇಕೆಂಬುದು ನನ್ನ ಒತ್ತಾಯ. ಅಲ್ಲಿಯವರೆಗೆ, ಅರ್ಜಿಯನ್ನು ಹುಡುಗ ತುಂಬಲಿ, ಪಾಸ್‌ವರ್ಡನ್ನು ನೀವೇ ಒತ್ತಿ. ಓದು ಬಾರದವರು ಮನೆಯ ಮಗಳನ್ನೋ ಮೊಮ್ಮಗನನ್ನೋ ಜೊತೆಗೆ ಕರೆದೊಯ್ಯಿರಿ. ಈ ಪುಟ ಓದಿದವರು ಓದಲಾರದ ನೆರೆಯವರಿಗೂ ಇಷ್ಟನ್ನು ಹೇಳಿದರೆ ಸಾಕು.