ಬಂಜೆ ಎಂಬ ಪದಕ್ಕೆ ಪುಲ್ಲಿಂಗವಿಲ್ಲ

2021ರ ಜನವರಿ 3ರಂದು ಕೋವಿಶೀಲ್ಡ್ ಮತ್ತು ಕೋವ್ಯಾಕ್ಸಿನ್‌ಗೆ ಅನುಮತಿ ಪ್ರಕಟಿಸಿದ ದೇಶದ ಔಷಧ ಮಹಾನಿಯಂತ್ರಕರು ಅದೇ ದಿನ ಇನ್ನೊಂದು ಪ್ರಶ್ನೆಗೂ ಉತ್ತರ ಕೊಡಬೇಕಾಯಿತು. ಲಸಿಕೆಯಿಂದ ಗಂಡಸರು ನಪುಂಸಕರಾಗುತ್ತಾರಂತೆ, ನಿಜವೇ? ಶುದ್ಧ ಅಸಂಬದ್ಧ ಎಂದರು ಅವರು. ಗಾಳಿಮಾತು ಮಾತ್ರ ಮೊಬೈಲಿನಿಂದ ಮೊಬೈಲಿಗೆ ಹಾರುತ್ತಲೇ ಇತ್ತು. ಲಸಿಕೆಯನ್ನು ಇಷ್ಟು ಅನುಮಾನಿಸಿದ ಗಂಡಸರು ಅದೇ ಪ್ರಶ್ನೆಯನ್ನು ವೈರಸ್ಸಿಗೆ ಕೇಳಲೇ ಇಲ್ಲ.

ಕೇಳಬೇಕಿತ್ತು. ಮಯಾಮಿ ವಿಶ್ವವಿದ್ಯಾಲಯದವರು 45 ಗಂಡಸರ ವೀರ್ಯವನ್ನು ಲಸಿಕೆಗೆ ಮುಂಚೆ ಮತ್ತು ಎರಡು ಡೋಸ್ ಆದ ಮೇಲೆ ಪರೀಕ್ಷಿಸಿದರು; ಯಾವ ಇಳಿಕೆಯೂ ಕಾಣಲಿಲ್ಲ. ಬೆಲ್ಜಿಯಂನಲ್ಲಿ ಸೋಂಕಿನಿಂದ ಚೇತರಿಸಿಕೊಂಡ 120 ಗಂಡಸರನ್ನು ಪರೀಕ್ಷಿಸಿದಾಗ, ಸೋಂಕಾಗಿ ಒಂದು ತಿಂಗಳೊಳಗೆ ಬಂದವರಲ್ಲಿ ಶೇ 60ರಷ್ಟು ಮಂದಿಯ ವೀರ್ಯಾಣುಗಳ ಚಲನೆ ಕುಗ್ಗಿತ್ತು. ಎರಡು ತಿಂಗಳು ಕಳೆದು ಬಂದವರಲ್ಲಿ ಇದು ಶೇ 28. ಲಸಿಕೆಯ ಮೇಲೆ ಹೊರಿಸಿದ ಆರೋಪ ರೋಗಕ್ಕೆ ಸಲ್ಲಬೇಕಿತ್ತು.

ಇದರಲ್ಲಿ ವಿಚಿತ್ರವೇನೂ ಇಲ್ಲ. ಪ್ರಾಯಕ್ಕೆ ಬಂದ ಮೇಲೆ ಮಂಗನಬಾವು ಬಂದರೆ ವೃಷಣ ಊದಿಕೊಳ್ಳಬಹುದೆಂದು ನಮ್ಮ ಹಿರಿಯರಿಗೂ ಗೊತ್ತಿತ್ತು. ಜೋರು ಜ್ವರವೊಂದೇ ಸಾಕು, ವೀರ್ಯಾಣು ಉತ್ಪಾದನೆ ಕುಂಠಿತವಾಗಲು. ಒಂದು ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು. ಆದ್ದರಿಂದ ಇವತ್ತಿನ ಜ್ವರದ ಪರಿಣಾಮ ಮುಂದಿನ ತಿಂಗಳುಗಳ ವರದಿಯಲ್ಲಿ ಕಾಣುತ್ತದೆ. ಹೆಚ್ಚಿನವರಲ್ಲಿ ಆಮೇಲೆ ಅದು ಸುಧಾರಿಸುತ್ತದೆ.

'ತಾನಾಗಿ ಸರಿಹೋಗುವುದಾದರೆ ಜನರನ್ನೇಕೆ ಹೆದರಿಸುತ್ತೀರಿ?' ಎನ್ನುವವರಿದ್ದಾರೆ. ಸರಿಹೋಗುತ್ತದೆ ಎನ್ನುವುದೇ ತಿಳಿದಿರಬೇಕಾದ ಸಂಗತಿ. ಜ್ವರ ಬಿಟ್ಟು ಮೂರು ವಾರಕ್ಕೆ ಪರೀಕ್ಷೆ ಮಾಡಿಸಿದವನ ವರದಿ ಕೆಟ್ಟದಾಗಿ ಬಂದರೆ ಅದು ಅವನ ಹಣೆಬರಹವಲ್ಲ. ಮೂರು ತಿಂಗಳು ಬಿಟ್ಟು ಮತ್ತೊಮ್ಮೆ ಮಾಡಿಸಿದರೆ ಚಿತ್ರವೇ ಬದಲಾಗಬಹುದು. ಇದನ್ನು ಹೇಳುವವರಿಲ್ಲದಿದ್ದರೆ ದಂಪತಿ ಆ ಒಂದೇ ಕಾಗದ ಹಿಡಿದು ಲಕ್ಷಗಟ್ಟಲೆ ಖರ್ಚಿನ ಐವಿಎಫ್‌ಗೆ ಹೋಗುತ್ತಾರೆ. ಇಲ್ಲವೇ ಮುಂಬೈ, ದೆಹಲಿಯ ರೈಲು ಹಳಿಯ ಪಕ್ಕದ ಗೋಡೆಗಳ ಮೇಲೆ 'ಗುಪ್ತರೋಗ' ಎಂದು ಬರೆಸಿಕೊಂಡವರ ಬಳಿಗೆ. ಶಕ್ತಿ ಬರಲೆಂದು ಟೆಸ್ಟೋಸ್ಟೆರಾನ್ ಚುಚ್ಚಿಸಿಕೊಳ್ಳುವವರೂ ಉಂಟು. ಹೊರಗಿನಿಂದ ಬಂದ ಟೆಸ್ಟೋಸ್ಟೆರಾನ್ ವೀರ್ಯಾಣು ಉತ್ಪಾದನೆಯನ್ನೇ ತಗ್ಗಿಸುತ್ತದೆ, ಕೆಲವರಲ್ಲಿ ಪೂರ್ತಿ ನಿಲ್ಲಿಸುತ್ತದೆ.

ಇಷ್ಟು ಸರಳ ವಿಷಯ ನಮ್ಮ ಮನೆಗಳಿಗೆ ಏಕೆ ತಲುಪಲಿಲ್ಲ? ನಮ್ಮ ಭಾಷೆಯನ್ನೇ ನೋಡಿ. ಮಕ್ಕಳಾಗದ ಹೆಣ್ಣಿಗೆ 'ಬಂಜೆ' ಎಂಬ ಪದ ಸಿದ್ಧವಾಗಿದೆ. ಗಂಡಿಗೆ ಅಂಥ ಪದವಿಲ್ಲ. ಇರುವ 'ನಪುಂಸಕ', 'ಷಂಡ' ಎರಡೂ ಬೈಗುಳ, ಎರಡೂ ಬೇರೆ ಸಮಸ್ಯೆಗೆ ಸೇರಿದವು. ಹಾಸಿಗೆಯಲ್ಲಿ ಯಾವ ತೊಂದರೆಯೂ ಇಲ್ಲದ ಗಂಡಸಿನಲ್ಲಿ ವೀರ್ಯಾಣು ಕಡಿಮೆ ಇರಬಹುದು. ಎರಡನ್ನೂ ಒಂದೇ ಬೈಗುಳದಲ್ಲಿ ಕಟ್ಟಿಹಾಕಿದ್ದೇವೆ. ಹಾಗಾಗಿ ಪರೀಕ್ಷೆ ಎಂದರೆ ಗಂಡಸುತನದ ಮೇಲಿನ ಆಪಾದನೆಯಂತೆ ಕೇಳಿಸುತ್ತದೆ, ಆತ ಲ್ಯಾಬಿನ ಬಾಗಿಲು ತುಳಿಯುವುದಿಲ್ಲ. ಪತ್ರಿಕೆಗಳು 'ಪುರುಷ ಬಂಜೆತನ' ಎಂದು ಹೆಣ್ಣಿನ ಪದವನ್ನೇ ಸಾಲ ತಂದು ಬರೆಯುತ್ತವೆ.

ಬೆಲೆ ತೆರುವವಳು ಹೆಂಡತಿ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಿನ ಕಾರಣವೂ ಸೇರಿರುತ್ತದೆ. ಆದರೂ ಊರಿನಿಂದ ಫೋನ್ ಬಂದಾಗ 'ಏನಾದರೂ ವಿಶೇಷ ಇದೆಯೇನಮ್ಮಾ?' ಎಂಬ ಪ್ರಶ್ನೆ ಸೊಸೆಗೇ. ಹಾರ್ಮೋನ್ ಪರೀಕ್ಷೆ, ಸ್ಕ್ಯಾನಿಂಗ್, ಗರ್ಭನಾಳಕ್ಕೆ ಬಣ್ಣ ಹಾಯಿಸಿ ತೆಗೆಯುವ ಎಕ್ಸ್‌ರೇ, ಎಲ್ಲವೂ ಅವಳಿಗೆ. ಗಂಡನ ಪಾಲಿನದು ನೋವಿಲ್ಲದ, ಅಗ್ಗದ ಒಂದು ಪರೀಕ್ಷೆ. ಅದು ಬರುವುದು ಎಲ್ಲಕ್ಕಿಂತ ಕೊನೆಗೆ, ಅದೂ ಹತ್ತು ಸಲ ಗೋಗರೆದ ಮೇಲೆ.

ಈ ಸರದಿಯನ್ನು ಬದಲಿಸಲು ಹೊಸ ಕಾನೂನು ಬೇಕಿಲ್ಲ. ಹೆಂಡತಿಯ ಪರೀಕ್ಷೆ ಶುರುವಾದ ದಿನವೇ ಗಂಡನದೂ ಶುರುವಾಗಲಿ. ಕಳೆದ ಮೂರು ತಿಂಗಳಲ್ಲಿ ಕೋವಿಡ್ ಅಥವಾ ಜೋರು ಜ್ವರ ಬಂದಿತ್ತೇ ಎಂದು ವೈದ್ಯರು ಕೇಳಲಿ. ಅವರು ಮರೆತರೆ ಗಂಡಸರೇ ಹೇಳಲಿ. ವರದಿ ಚೆನ್ನಾಗಿರದಿದ್ದರೆ ಮತ್ತೊಮ್ಮೆ ಮಾಡಿಸದೆ ದೊಡ್ಡ ಚಿಕಿತ್ಸೆಗೆ ಸಹಿ ಹಾಕಬೇಡಿ. ಇನ್ನು ಊರಿನಿಂದ ಬರುವ ಆ ಫೋನು: ಮುಂದಿನ ಸಲ ಅದನ್ನು ಗಂಡನೇ ಎತ್ತಲಿ, ಉತ್ತರವನ್ನೂ ಅವನೇ ಕೊಡಲಿ.