ಕೆನಡಿಯ ಕತೆ ಬಿಡಿ, ಬಿಳಿ ಪಟ್ಟಿ ನೋಡಿ

1963ರ ಜೂನ್ 26ರಂದು ಪಶ್ಚಿಮ ಬರ್ಲಿನ್ನಿನ ಶೋನೆಬರ್ಗ್ ಪುರಭವನದ ಮುಂದೆ ನೆರೆದಿದ್ದ ಲಕ್ಷಾಂತರ ಜನರೆದುರು ಜಾನ್ ಎಫ್. ಕೆನಡಿ ‘ಇಷ್ ಬಿನ್ ಐನ್ ಬರ್ಲಿನರ್’ ಎಂದರು. ನಾನೂ ಬರ್ಲಿನ್ನಿನವನೇ ಎಂದು ಅದರ ಅರ್ಥ. ಎರಡು ದಶಕ ಕಳೆಯುವಷ್ಟರಲ್ಲಿ ಆ ಮಾತಿಗೊಂದು ಬಾಲ ಹುಟ್ಟಿಕೊಂಡಿತು. ‘ಐನ್’ ಸೇರಿಸಿದ್ದರಿಂದ ಅಮೆರಿಕದ ಅಧ್ಯಕ್ಷರು ತಮ್ಮನ್ನೇ ಜಾಮ್ ತುಂಬಿದ ಕರಿದ ತಿಂಡಿ ಎಂದುಕೊಂಡರಂತೆ! ಲೆನ್ ಡೈಟನ್ ಅವರ 1983ರ ಕಾದಂಬರಿ ‘ಬರ್ಲಿನ್ ಗೇಮ್’ನಲ್ಲೂ ಕಾಣಿಸಿಕೊಂಡ ಈ ನಗೆಮಾತನ್ನು ಜನ ಇಂದಿಗೂ ಚರಿತ್ರೆಯೆಂದೇ ಹೇಳುತ್ತಾರೆ.

ಅದು ಚರಿತ್ರೆಯಲ್ಲ. ಬೇರೆ ಊರಿನವನೊಬ್ಬ ಮನಸ್ಸಿನಲ್ಲಿ ತಾನೂ ಬರ್ಲಿನ್ನಿನವ ಎನ್ನುವಾಗ ‘ಐನ್’ ಬೇಕೇ ಬೇಕು. ಕೆನಡಿಯ ವ್ಯಾಕರಣದಲ್ಲಿ ತಪ್ಪಿರಲಿಲ್ಲ. ಅದಕ್ಕಿಂತ ಸೊಗಸಾದ ಸಾಕ್ಷಿ ಬೇಕರಿಯಲ್ಲಿದೆ. ಆ ತಿಂಡಿಯನ್ನು ಬರ್ಲಿನ್ನಿನವರು ಬರ್ಲಿನರ್ ಎನ್ನುವುದೇ ಇಲ್ಲ, ಅವರಿಗದು ‘ಫಾನ್‌ಕುಖನ್’. ಬರ್ಲಿನರ್ ಎನ್ನುವವರು ಹ್ಯಾಂಬರ್ಗ್ ಕಡೆಯವರು, ರೈನ್ ತೀರದವರು. ಹೆಸ್ಸೆಯಲ್ಲಿ ಅದು ‘ಕ್ರೆಪ್ಪೆಲ್’, ಬವೇರಿಯಾ ಮತ್ತು ಆಸ್ಟ್ರಿಯಾದಲ್ಲಿ ‘ಕ್ರಾಪ್ಫನ್’. ಇವರ ಊರಿನಲ್ಲಿ ಫಾನ್‌ಕುಖನ್ ಕೇಳಿದರೆ ಕಾವಲಿಯ ಮೇಲೆ ಹುಯ್ದ ಮೊಟ್ಟೆದೋಸೆಯಂಥದ್ದು ಬರುತ್ತದೆ.

ಹುಟ್ಟಿನ ಕತೆಗಳದ್ದೂ ಇದೇ ಪಾಡು. ವಿಯೆನ್ನಾದವರ ಪ್ರಕಾರ 17ನೇ ಶತಮಾನದ ಕೊನೆಯಲ್ಲಿ ಸಿಸಿಲಿಯಾ ಕ್ರಾಪ್ಫ್ ಎಂಬ ಹೆಂಗಸು ಇದನ್ನು ಮೊದಲು ಮಾಡಿದಳು. ಬರ್ಲಿನ್ನಿನವರಿಗೆ 1756ರ ಬೇಕರಿಯವನೊಬ್ಬ ಬೇಕು. ಫ್ರೆಡರಿಕ್ ದೊರೆಯ ಫಿರಂಗಿ ದಳ ಸೇರಿ, ಗುಂಡಿನ ಆಕಾರದಲ್ಲಿ ಹಿಟ್ಟು ಕರಿದನಂತೆ. ಆದರೆ ಕ್ರಾಪ್ಫನ್ ಹೆಸರಿಗೆ ಮೂಲವಾದ, ಕೊಕ್ಕೆ ಎಂಬ ಅರ್ಥದ ‘ಕ್ರಾಪ್ಫೊ’ ಎಂಬ ಪದ ಇವರಿಬ್ಬರಿಗಿಂತ ಶತಮಾನಗಳಷ್ಟು ಹಳೆಯದು.

ಇಷ್ಟು ಕಟ್ಟುಕತೆಗಳ ಹಂಗು ಈ ತಿಂಡಿಗಿಲ್ಲ. ಇದರ ನಿಜವಾದ ಕತೆ ಬಾಣಲೆಯಲ್ಲಿದೆ. ಬೂದಿ ಬುಧವಾರ ಈಸ್ಟರ್ ಮುಂಚಿನ ಉಪವಾಸ ಶುರುವಾದರೆ ಹಿಂದೆ ಕೊಬ್ಬು, ಬೆಣ್ಣೆ, ಮೊಟ್ಟೆಗಳಿಗೆ ಬಿಡುವು. ಅದಕ್ಕೆ ಮುಂಚಿನ ‘ಫಾಶಿಂಗ್’ ಸುಗ್ಗಿಯಲ್ಲೇ ಅವನ್ನೆಲ್ಲ ಖರ್ಚು ಮಾಡುವ ಜಾಣ ದಾರಿ ಇದು.

ಮೈದಾ, ಹಾಲು, ಬೆಣ್ಣೆ, ಮೊಟ್ಟೆಯ ಹಳದಿ, ಯೀಸ್ಟ್, ತುಸು ರಮ್ಮು ಸೇರಿಸಿ ನಾದಿದ ಹಿಟ್ಟು ಚೆನ್ನಾಗಿ ಹುದುಗಬೇಕು. ಹುದುಗಿದ ಉಂಡೆ ಹಗುರ. ಬಿಸಿ ಎಣ್ಣೆಯಲ್ಲಿ ಅರ್ಧ ಮುಳುಗಿ ತೇಲುತ್ತದೆ. ಒಂದು ಮಗ್ಗುಲು ಕೆಂಪಾದ ಮೇಲೆ ಮಗುಚಿದರೂ ನಡುವಿನ ಸುತ್ತಳತೆ ಎಣ್ಣೆ ಕಾಣದೆ ಬೆಳ್ಳಗೇ ಉಳಿಯುತ್ತದೆ. ಆ ಪಟ್ಟಿಯೇ ಕರಿದವರ ಸಹಿ. ಹಿಟ್ಟು ಹುದುಗದೆ ಭಾರವಾಗಿದ್ದರೆ ಪಟ್ಟಿ ಮೂಡುವುದಿಲ್ಲ.

ಹೂರಣದಲ್ಲೂ ಹಟವಿದೆ. ಬರೀ ಫಾಶಿಂಗ್ಸ್‌ಕ್ರಾಪ್ಫನ್ ಎಂದು ಮಾರಬೇಕಾದರೆ ಒಳಗೆ ಏಪ್ರಿಕಾಟ್ ಜಾಮೇ ಇರಬೇಕೆನ್ನುತ್ತದೆ ಆಸ್ಟ್ರಿಯಾದ ಆಹಾರ ಸಂಹಿತೆ. ಫ್ರಾಂಕೋನಿಯಾದವರಿಗೆ ಕಾಡುಗುಲಾಬಿ ಕಾಯಿಯ ಜಾಮ್ ಬೇಕು. ಚಾಕೊಲೇಟ್, ಪಿಸ್ತಾ ಕ್ರೀಮುಗಳು ಗಾಜಿನ ಕಪಾಟು ತುಂಬಿರುವ ಈ ಕಾಲದಲ್ಲಿ ಇಂಥ ಹಟವನ್ನು ಹಳೇ ಗೊಡ್ಡು ಎನ್ನುವುದು ಸುಲಭ. ಆದರೆ ಹುಳಿ ಬೆರೆತ ಏಪ್ರಿಕಾಟ್ ಕರಿದ ಹಿಟ್ಟಿನ ಜಿಡ್ಡನ್ನು ಮುರಿಯುತ್ತದೆ, ಕ್ರೀಮು ಅದನ್ನು ಹೆಚ್ಚಿಸುತ್ತದೆ. ಇಲ್ಲಿ ಸಂಹಿತೆ ನಾಲಿಗೆಯ ಪರವಾಗಿದೆ.

ಈ ನಿಯಮಕ್ಕೆ ರಜೆ ಕೊಡಬಹುದಾದ ಹೊತ್ತು ಒಂದಿದೆ. ಡಿಸೆಂಬರ್ 31ರ ರಾತ್ರಿ ಜರ್ಮನಿಯ ಮನೆಗಳಲ್ಲಿ ತಟ್ಟೆಯೊಳಗಿನ ಒಂದಕ್ಕೆ ಗುಟ್ಟಾಗಿ ಸಾಸಿವೆ ತುಂಬುತ್ತಾರೆ. ಹೊರಗೆ ಅದೇ ಬಿಳಿ ಪಟ್ಟಿ, ಮೇಲೆ ಅದೇ ಸಕ್ಕರೆ ಪುಡಿ. ಕಚ್ಚಿದವರ ಮುಖ ನೋಡಲು ಮಿಕ್ಕವರು ಕಾದಿರುತ್ತಾರೆ.