ಮಗಳು ಒಡವೆ ವಿನ್ಯಾಸ ಕಲಿಯುತ್ತೇನೆಂದರೆ...



ಒಡವೆ ಹಾಕಿಕೊಳ್ಳುವುದು ನಮಗೆಲ್ಲ ಗೊತ್ತು, ಬೀರುವಿನಲ್ಲಿ ಜೋಪಾನವಾಗಿ ಇಡುವುದು ಗೊತ್ತು, ಕಷ್ಟಕಾಲಕ್ಕೆ ಗಿರವಿ ಇಡುವುದೂ ಗೊತ್ತು. ಆದರೆ ಅದನ್ನು ಕಾಲೇಜಿಗೆ ಹೋಗಿ ಕಲಿಯಬಹುದೆಂದು ನನಗೆ ತಿಳಿದದ್ದು, ಪಿಯುಸಿ ಮುಗಿಸಿದ ಮಗಳು "ಅಮ್ಮಾ, ನಾನು ಜ್ಯುವೆಲರಿ ಡಿಸೈನ್ ಓದ್ತೀನಿ" ಎಂದು ಹಟ ಹಿಡಿದಾಗಲೇ.

"ಚಿತ್ರ ಬರೆದರೆ ಹೊಟ್ಟೆ ತುಂಬತ್ತಾ?" ಎಂದರು ನಮ್ಮನೆಯವರು, ಪೇಪರಿನಿಂದ ತಲೆಯೆತ್ತದೆ. ನನ್ನ ಓದು ಎಸ್ಸೆಸ್ಸೆಲ್ಸಿಗೇ ಮುಗಿಯಿತು; ನನ್ನ ರಂಗೋಲಿ ಪುಸ್ತಕಗಳು ಅಟ್ಟ ಸೇರಿದವು. ಇವಳ ಆಸೆಯಾದರೂ ಕೈಗೂಡಲಿ ಎಂದು, ನನ್ನಮ್ಮ ಕೊಟ್ಟಿದ್ದ ಎರಡು ಬಳೆಗಳನ್ನು ಬ್ಯಾಂಕಿನಲ್ಲಿಟ್ಟು ಫೀಸು ಕಟ್ಟಿದೆ.

ಆರು ತಿಂಗಳಾದ ಮೇಲೆ ಒಂದು ದಿನ ನವಿಲಿನ ಓಲೆಯ ಚಿತ್ರ ತಂದು ತೋರಿಸಿದಳು. ಕಣ್ಣಿಗೆ ಹಬ್ಬ! ಜೊತೆಗೆ ಮೇಣದಲ್ಲಿ ಕೆತ್ತಿದ ಮಾದರಿ. ಇಂಥ ಮಾದರಿಯ ಸುತ್ತ ಅಚ್ಚು ಕಟ್ಟಿ, ಮೇಣ ಕರಗಿಸಿ ತೆಗೆದು, ಆ ಜಾಗಕ್ಕೆ ಕರಗಿದ ಚಿನ್ನ ಹುಯ್ಯುತ್ತಾರೆ. ಹೆಮ್ಮೆಯಿಂದ ನಮ್ಮ ಬೀದಿಯ ಆಚಾರ್ರ ಅಂಗಡಿಗೆ ಕರೆದೊಯ್ದೆ. ಅವರು ಮೇಣದ ನವಿಲನ್ನು ತಕ್ಕಡಿಗೆ ಹಾಕಿದರು. ಒಂದೇ ಗ್ರಾಂ.

"ಮಗೂ, ಒಂದು ಗ್ರಾಂ ಮೇಣಕ್ಕೆ 22 ಕ್ಯಾರಟ್ ಚಿನ್ನ ಸುಮಾರು 18 ಗ್ರಾಂ ಕೂರತ್ತೆ. ಜೊತೆಗೆ 36 ಗ್ರಾಂ ಆಯ್ತು. ಕಿವಿ ಉಳಿಯತ್ತಾ?"

ದಾರಿಯುದ್ದಕ್ಕೂ ಅತ್ತಳು. ನನಗೂ ಬಳೆಯ ನೆನಪಾಗಿ ಎದೆ ಧಸಕ್ಕೆಂದಿತು. ಆ ಸಂಸ್ಥೆಯಲ್ಲಿ ಬಣ್ಣ ಹಚ್ಚುವುದು, ಕಂಪ್ಯೂಟರಿನಲ್ಲಿ ಬರೆಯುವುದು ಎಲ್ಲ ಕಲಿಸಿದ್ದರು. ಲೋಹ ಮುಟ್ಟಿಸಿರಲಿಲ್ಲ, ತೂಕದ ಮಾತೇ ಎತ್ತಿರಲಿಲ್ಲ. ನಾನೂ ಸೇರಿಸುವ ಮುನ್ನ ಕೇಳಿರಲಿಲ್ಲ!

ವಾರ ಕಳೆದ ಮೇಲೆ ತಾನೇ ಹೋಗಿ, "ಆಚಾರ್ರೇ, ಶನಿವಾರ ನಿಮ್ಮ ಹತ್ರ ಕೂತ್ಕೊಳ್ಲಾ?" ಎಂದು ಕೇಳಿದಳು. ಅರ ಹಿಡಿಯುವುದು, ಬೆಸುಗೆ ಹಾಕುವುದು, ತಂತಿ ಎಳೆಯುವುದು ಕಲಿತಳು. 24 ಕ್ಯಾರಟ್ ಚಿನ್ನ ತೀರ ಮೆದು. ಹರಳು ಬಿಗಿಯಾಗಿ ಹಿಡಿಯಲು 18 ಕ್ಯಾರಟ್ ವಾಸಿ ಎಂಬುದು ತಿಳಿಯಿತು. ಕೈಸುಟ್ಟುಕೊಂಡದ್ದಕ್ಕೆ ಲೆಕ್ಕವಿಲ್ಲ.

ಸೋದರಿಯರೇ, ನಿಮ್ಮ ಮನೆಯಲ್ಲೂ ಇಂಥ ಹಟ ಹಿಡಿಯುವವರಿದ್ದರೆ ಬೇಡವೆನ್ನಬೇಡಿ. ಆದರೆ ಫೀಸು ಕಟ್ಟುವ ಮುನ್ನ ಇಷ್ಟು ನೋಡಿ:

ಅಲ್ಲಿ ಕೆಲಸದ ಮೇಜು, ಉಪಕರಣಗಳಿವೆಯೇ? ಹಿಂದೆ ಕಲಿತವರು ಮಾಡಿದ ಒಡವೆ ತೋರಿಸುತ್ತಾರೆಯೇ? ಪಾಠ ಹೇಳುವವರು ಸ್ವತಃ ಒಡವೆ ಮಾಡಿದವರೇ? "ಕೆಲಸ ಖಂಡಿತ" ಎನ್ನುವವರು ಅದನ್ನು ಬರೆದುಕೊಡುತ್ತಾರೆಯೇ?

ಪದವಿಯೇ ಬೇಕೆಂದರೆ ಬೆಂಗಳೂರಿನ ನಿಫ್ಟ್‌ನಲ್ಲಿ ಆಕ್ಸೆಸರಿ ಡಿಸೈನ್ ಎಂಬ ನಾಲ್ಕು ವರ್ಷದ ಓದಿದೆ. ಪ್ರವೇಶ ಪರೀಕ್ಷೆ ಬರೆಯಬೇಕು. ಒಡವೆಯ ಓದಿಗೇ ಮೀಸಲಾದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಜೆಮ್ಸ್ ಅಂಡ್ ಜ್ಯುವೆಲರಿ ಮುಂಬಯಿಯಲ್ಲಿದೆ.

ಮನೆಯಲ್ಲೇ ಶುರುಮಾಡುವ ಪಾಠವೂ ಉಂಟು. ಅಜ್ಜಿಯ ಅಡ್ಡಿಕೆ, ಬುಗುಡಿ, ನಾಗಮುರಿಗೆಗಳನ್ನು ಎದುರಿಗಿಟ್ಟುಕೊಂಡು, ಕೊಂಡಿ ಎಲ್ಲಿದೆ, ಹಿಂಭಾಗ ಹೇಗಿದೆ ಎಂದು ನೋಡಿ ಬರೆಯಲಿ. ಬೇಲೂರಿಗೆ ಹೋದರೆ ಮದನಿಕೆಯರ ಕೊರಳು, ಕೈ, ಸೊಂಟ ನೋಡಲಿ. ಹಾಲ್‌ಮಾರ್ಕಿನ ಗುರುತು ಓದಲು ಕಲಿಯಲಿ: 916 ಎಂದರೆ 22 ಕ್ಯಾರಟ್, 750 ಎಂದರೆ 18 ಕ್ಯಾರಟ್. 2021ರಿಂದ ಒಡವೆಯ ಮೇಲೆ ಅಕ್ಷರ, ಅಂಕಿ ಸೇರಿದ ಆರರ ಒಂದು ಸಂಕೇತವೂ ಇರುತ್ತದೆ.

ನಮ್ಮವಳು ಅದೇ ನವಿಲನ್ನು ತೆಳು ಬೆಳ್ಳಿ ತಗಡಿನಲ್ಲಿ, ಹಿಂಭಾಗ ಟೊಳ್ಳಾಗಿ ಬಿಟ್ಟು ಮತ್ತೆ ಮಾಡಿದಳು. ಒಂದೊಂದು ಓಲೆ ನಾಲ್ಕೇ ಗ್ರಾಂ. ಆಚಾರ್ರು ತಿರುಗಿಸಿ ತಿರುಗಿಸಿ ನೋಡಿ, "ಬೆಸುಗೆ ಸ್ವಲ್ಪ ದಪ್ಪ ಆಯ್ತು" ಎಂದರು. ಅವರ ಬಾಯಲ್ಲಿ ಅದೇ ದೊಡ್ಡ ಹೊಗಳಿಕೆ. ನಮ್ಮನೆಯವರು ಏನೂ ಅನ್ನಲಿಲ್ಲ. ತಂಗಿಗೊಂದು ಜೊತೆ ಬೇಕೆಂದು ದುಡ್ಡು ಕೊಟ್ಟರು!

ನನ್ನ ಬಳೆ ಇನ್ನೂ ಬ್ಯಾಂಕಿನಲ್ಲೇ ಇದೆ. ಕೈ ಬರಿದಾದರೂ ಕಿವಿಯಲ್ಲಿ ಎರಡು ನವಿಲುಗಳಿವೆ. ಮದುವೆಮನೆಯಲ್ಲಿ ಯಾರಾದರೂ "ಎಲ್ಲಿ ತಗೊಂಡ್ರಿ?" ಎಂದರೆ, "ನನ್ನ ಮಗಳು ಮಾಡಿದ್ದು" ಎನ್ನುತ್ತೇನೆ.